ಬುಟ್ಟಿ ತಲೆಗೇರುವವರೆಗೆ

ಅರವತ್ತಮೂರನೆಯ ವಯಸ್ಸಿನಲ್ಲಿ ದೂಮಪ್ಪನ ಹೃದಯಕ್ಕೆ ಒಂದು ಸ್ಟೆಂಟ್ ಬಿತ್ತು. ನಲವತ್ತೈದು ವರ್ಷ ಉಳ್ಳಾಲದ ಕಡಲಲ್ಲಿ ಹುಟ್ಟು ಹಾಕಿದ ಮನುಷ್ಯ ಆಮೇಲೆ ಮಣ್ಣಗುಡ್ಡದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ, ಹೊಳೆಯುವ ಟೈಲ್ಸ್ ನೆಲದ ಮೇಲೆ, ಹುಟ್ಟು ಹಾಕುವುದನ್ನು ಹೊಸದಾಗಿ ಕಲಿಯಬೇಕಾಯಿತು.

ಅದು ಅಲ್ಲಿನ ಜಿಮ್ಮಿನ ರೋಯಿಂಗ್ ಮಷಿನ್. ಹಿಂದೆ ಮುಂದೆ ಜಾರುವ ಒಂದು ಸೀಟು, ಪಾದ ಕಟ್ಟಿಕೊಳ್ಳಲು ಪಟ್ಟಿ, ಸರಪಳಿಗೆ ಸಿಕ್ಕಿಸಿದ ಒಂದು ಹಿಡಿ. ಎಳೆದರೆ ಎದುರಿನ ಫ್ಯಾನ್ ತಿರುಗಿ ಬುಸ್ ಎನ್ನುತ್ತದೆ, ಎಷ್ಟು ಮೀಟರ್ ಹೋದಿರಿ ಎಂದು ಪುಟ್ಟ ಪರದೆ ಹೇಳುತ್ತದೆ. ಎಷ್ಟು ಹೋದರೂ ಇದ್ದಲ್ಲೇ ಇರುತ್ತೀರಿ ಎನ್ನುವುದನ್ನು ಮಾತ್ರ ಅದು ಹೇಳುವುದಿಲ್ಲ.

ಡಾಕ್ಟರರ ಷರತ್ತು ಸ್ಪಷ್ಟವಾಗಿತ್ತು. ಎರಡು ಸಾವಿರ ಮೀಟರ್, ಹನ್ನೆರಡು ನಿಮಿಷದೊಳಗೆ. ಎದೆಬಡಿತ ಒಮ್ಮೆಯೂ ನೂರಿಪ್ಪತ್ತು ದಾಟಬಾರದು. ಮಾಡಿ ತೋರಿಸಿದರೆ ಕಡಲಿಗೆ ಹೋಗಬಹುದು. ಇಲ್ಲವಾದರೆ ದೋಣಿಯ ಮಾತು ಅಲ್ಲಿಗೇ ಮುಗಿಯಿತು.

ದೂಮಪ್ಪನ ಹೆಂಡತಿ ಅಪ್ಪಿ ಅದೇ ದಿನ, ಆಸ್ಪತ್ರೆಯ ಮೆಟ್ಟಿಲು ಇಳಿಯುವ ಮೊದಲೇ, ಮನಸ್ಸಿನಲ್ಲಿ ದೇವಿಗೆ ಒಂದು ಸೇರು ಎಣ್ಣೆಯ ಹರಕೆ ಹೊತ್ತಳು. ಗಂಡ ಈ ಪರೀಕ್ಷೆಯಲ್ಲಿ ಫೇಲಾಗಲಿ ಎಂದು! ಗಂಡನ ಸೋಲಿಗೆ ಹರಕೆ ಹೊತ್ತ ಹೆಂಗಸು ಅವರ ಕೇರಿ ಮೊಗವೀರಪಟ್ಣದಲ್ಲಿ ಇನ್ನೊಬ್ಬಳಿರಲಿಕ್ಕಿಲ್ಲ. ಆದರೆ ಹಾಗೆಂದು ಅವಳನ್ನು ದೂರುವುದೂ ಸರಿಯಲ್ಲ. ಆ ದಿನ ಎದೆ ಹಿಡಿದುಕೊಂಡು ದಡದ ಮರಳಿನಲ್ಲಿ ಕುಸಿದ ಗಂಡನ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಆಂಬುಲೆನ್ಸಿಗೆ ಕಾದವಳು ಅವಳು.

ಹರಕೆ ಫಲಿಸುವಂತೆಯೇ ಕಂಡಿತು. ಮಗ ರಂಜಿತ್ ಸುರತ್ಕಲ್ಲಿನ ಕೆಲಸಕ್ಕೆ ಹೋಗುವಾಗ ಬೈಕಿನಲ್ಲಿ ಅಪ್ಪನನ್ನು ಜಿಮ್ಮಿಗೆ ಬಿಡುತ್ತಿದ್ದ. ದೂಮಪ್ಪ ಪ್ರತಿ ಸಲವೂ ಮುಖ ಇಳಿಸಿಕೊಂಡು ಬರುತ್ತಿದ್ದ.

ಮೂರನೆಯ ವಾರ ರಂಜಿತನ ಶಿಫ್ಟ್ ಬದಲಾಯಿತು. ಹೋಗುವಾಗ ಬಿಡುವವರು ಯಾರೋ ಸಿಗುತ್ತಿದ್ದರು, ಕರೆತರುವ ಕೆಲಸ ಅಪ್ಪಿಯ ಪಾಲಿಗೆ ಬಂತು. ಅವಳು ಹೇಗೂ ದೋಣಿಗಳು ಮೀನು ಇಳಿಸುವ ಧಕ್ಕೆಯಲ್ಲಿ ಮೀನು ಕೊಂಡು ಮಣ್ಣಗುಡ್ಡದ ಮನೆ ಮನೆಗೆ ಮಾರುವವಳು. ಹತ್ತು ಗಂಟೆಗೆ ವ್ಯಾಪಾರ ಮುಗಿಸಿ, ಖಾಲಿ ಬುಟ್ಟಿಯನ್ನು ಕೆಳಗೆ ವಾಚ್‌ಮನ್ನನ ಕುರ್ಚಿಯ ಪಕ್ಕ ಇಟ್ಟು, ಮೇಲೆ ಹತ್ತಿದಳು.

ಗಂಡ ಮಷಿನ್ನಿನ ಮೇಲಿದ್ದ. ಪಕ್ಕದಲ್ಲಿ ಗಡಿಯಾರ ಹಿಡಿದು ನಿಂತಿದ್ದವಳು ಮೆರ್ಲಿನ್, ಹೃದಯದ ರೋಗಿಗಳಿಗೆ ವ್ಯಾಯಾಮ ಮಾಡಿಸುವ ಹುಡುಗಿ. ಒಳ್ಳೆಯ ಹುಡುಗಿ, ತಾಳ್ಮೆಯವಳು. ಆದರೆ ದೂಮಪ್ಪನ ಮುಂದೆ ಆ ತಾಳ್ಮೆಯೂ ಅರ್ಧ ಖರ್ಚಾಗಿತ್ತು.

"ಆಂಟಿ, ಅಂಕಲ್‌ಗೆ ನೀವಾದ್ರೂ ಹೇಳಿ," ಎಂದಳು. "ಮೊದಲು ಕಾಲಿನಿಂದ ತಳ್ಳಬೇಕು, ಆಮೇಲೆ ಬೆನ್ನು, ಕೊನೆಗೆ ಕೈ. ವಾಪಸ್ ಬರುವಾಗ ಅವಸರ ಇಲ್ಲ, ಉಸಿರು ತೆಗೊಂಡು ನಿಧಾನ. ಇದೆಲ್ಲ ಎರಡೇ ದಿನದಲ್ಲಿ ಕಲ್ತರು. ನನ್ನ ಹತ್ರ ಬರುವ ಯಾರದ್ದೂ ಇಷ್ಟು ಚಂದದ ಎಳೆತ ಇಲ್ಲ. ಆದ್ರೆ ಸುರುವಿಗೇ ಯಾರೋ ಅಟ್ಟಿಸಿಕೊಂಡು ಬಂದ ಹಾಗೆ ಎಳೀತಾರೆ. ಒಂದೂವರೆ ನಿಮಿಷದಲ್ಲಿ ಬಡಿತ ನೂರಿಪ್ಪತ್ತು ದಾಟ್ತದೆ. ಮುಗೀತು."

"ಬೇಕಂತ ಮಾಡುದಲ್ಲ ಮಗಾ," ದೂಮಪ್ಪ ಬೆವರು ಒರೆಸಿಕೊಂಡ. "ಕೈ ಕೇಳುದಿಲ್ಲ."

"ಎಳೆತ ಭಾರ ಮಾಡುವ ಗಾಳಿಯ ಲಿವರನ್ನೂ ಹತ್ತಕ್ಕೆ ಇಡ್ತಾರೆ ಆಂಟಿ. ನಾನು ನಾಲ್ಕಕ್ಕೆ ಇಳಿಸುದು, ಅವರು ಪುನಃ ಏರಿಸುದು."

"ಕಡಲು ನಾಲ್ಕರಲ್ಲಿ ಇರ್ತದಾ? ನೀನೇ ಹೇಳು."

ಅಪ್ಪಿಗೆ ನಗು ಬಂತು. ಮೆರ್ಲಿನ್ ಲಿವರನ್ನು ನಾಲ್ಕಕ್ಕೆ ಇಳಿಸಿ ಇನ್ನೊಮ್ಮೆ ಶುರು ಮಾಡಿಸಿದಳು. ಮೊದಲ ಎಳೆತಕ್ಕೇ ಫ್ಯಾನ್ ಆರ್ಭಟಿಸಿತು. ದೂಮಪ್ಪ ಪರದೆಯ ಕಡೆ ನೋಡಲೇ ಇಲ್ಲ. ಅವನ ಕಣ್ಣು ಪರದೆಯನ್ನು ದಾಟಿ ಎದುರಿನ ಬಿಳಿ ಗೋಡೆಯ ಮೇಲಿತ್ತು, ಅಲ್ಲಿ ಏನನ್ನೋ ಹುಡುಕುತ್ತಿತ್ತು. ಎದೆಗೆ ಕಟ್ಟಿದ ಪಟ್ಟಿಯ ಲೆಕ್ಕ ಪರದೆಯಲ್ಲಿ ಏರಿತು. ನೂರಾಹತ್ತು, ನೂರಾಹದಿನೇಳು, ನೂರಿಪ್ಪತ್ತೊಂದು. ಮಷಿನ್ ಕೀಂಯ್ ಎಂದಿತು.

ಅವನು ಹಿಡಿಯನ್ನು ಮೆಲ್ಲಗೆ ಕೆಳಗಿಟ್ಟ. ಅಪ್ಪಿಯ ಹರಕೆ ಇನ್ನೊಮ್ಮೆ ಗೆದ್ದಿತು. ಗೆದ್ದ ಸಂತೋಷ ಮಾತ್ರ ಯಾಕೋ ಅವಳಿಗೆ ಸಿಗಲಿಲ್ಲ.

ಉಳ್ಳಾಲದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಅವನು, ಕಾಲ ಬಳಿ ಬುಟ್ಟಿ ಇಟ್ಟುಕೊಂಡು ಅವಳು. ನೇತ್ರಾವತಿ ಸೇತುವೆ ಬಂದಾಗ ಅವಳು ಕೇಳಿದಳು:

"ಅಲ್ಲ, ಕಡಲಲ್ಲಿ ನಿಮಗೆ ಹೀಗೆ ಏದುಸಿರು ಬಂದದ್ದು ನಾನು ಕಂಡೇ ಇಲ್ಲ. ಅಲ್ಲಿ ಎಂತ ಮಾಡ್ತಿದ್ರಿ?"

"ಅಲ್ಲಿ ಬೇರೆ ಮಾರಾಯ್ತಿ. ದಡದ ಹತ್ರ ಎಂಜಿನ್ ಇಳಿಸ್ಲಿಕ್ಕೆ ಆಗುದಿಲ್ಲ, ಮರಳಿಗೆ ತಾಗ್ತದೆ. ಮೂರು ಸಾಲು ಅಲೆ ದಾಟುವವರೆಗೆ ನಾನೂ ಮುದ್ದುವೂ ಹುಟ್ಟಿನಲ್ಲೇ ಹೋಗ್ಬೇಕು. ಅಲ್ಲಿ ಒಂದು ಎಳೆತ ಸಡಿಲ ಬಿಟ್ರೆ ದೋಣಿ ಅಡ್ಡ ಆಗ್ತದೆ, ಮಗುಚ್ತದೆ. ಜೀವ ಬಿಟ್ಟು ಎಳೆಯುದು. ದಾಟಿದ ಮೇಲೆ ಎಂಜಿನ್ ಇಳಿಸುವಷ್ಟು ಆಳ ಸಿಗುವವರೆಗೆ ಆರಾಮವಾಗಿ ಹುಟ್ಟು ಹಾಕುದು."

"ದಾಟಿತು ಅಂತ ಗೊತ್ತಾಗುದು ಹೇಗೆ? ನೀವಿಬ್ರೂ ಅಲೆಗೆ ಬೆನ್ನು ಹಾಕಿ ದಡಕ್ಕೆ ಮುಖ ಮಾಡಿ ಕೂತವರು. ತಿರುಗಿ ನೋಡ್ಲಿಕ್ಕೂ ಆಗುದಿಲ್ಲ."

ದೂಮಪ್ಪ ಅವಳನ್ನು ವಿಚಿತ್ರವಾಗಿ ನೋಡಿದ. ಹಗಲಲ್ಲಿ ಸೂರ್ಯ ಎಲ್ಲಿರುತ್ತಾನೆ ಎಂದು ಕೇಳಿದವರನ್ನು ನೋಡುವ ಹಾಗೆ.

"ನೀನು ಬುಟ್ಟಿ ತಲೆ ಮೇಲೆ ಇಟ್ಟುಕೊಂಡು ತಿರುಗ್ತೀಯಲ್ಲ," ಎಂದ. "ಆಗ ದಾಟಿತು ಅಂತ."

ಬಸ್ಸು ಸೇತುವೆ ದಾಟಿ ತೊಕ್ಕೊಟ್ಟಿನ ಕಡೆ ಓಡಿತು. ಮದುವೆಯಾದಾಗಿನಿಂದ, ಮೂವತ್ತೆಂಟು ವರ್ಷ, ಗಂಡ ಹೊರಟ ಬೆಳಿಗ್ಗೆ ಅಪ್ಪಿ ಖಾಲಿ ಬುಟ್ಟಿಯನ್ನು ಸೊಂಟಕ್ಕೆ ಆನಿಸಿಕೊಂಡು ದಡದಲ್ಲಿ ನಿಲ್ಲುತ್ತಿದ್ದಳು. ದೋಣಿ ಮೂರನೆಯ ಸಾಲು ದಾಟಿದ ಮೇಲೆಯೇ ಬುಟ್ಟಿಯನ್ನು ತಲೆಗೇರಿಸಿ ಧಕ್ಕೆಯ ಬಸ್ಸಿಗೆ ಹೊರಡುವುದು. ಅದು ಅವಳ ಭಯ, ಅವಳ ಗುಟ್ಟು. ಎಳೆಯುವ ಭರದಲ್ಲಿ ಅವನಿಗೆ ತಾನು ಕಾಣುವುದೇ ಇಲ್ಲವೆಂದು ಅವಳು ತಿಳಿದಿದ್ದಳು. ಅವನು ನೋಡುತ್ತಿದ್ದದ್ದು ಅವಳನ್ನೇ! ಈ ಪ್ರಾಯದಲ್ಲಿ, ಮೀನಿನ ಬುಟ್ಟಿ ಕಾಲ ಬಳಿ ಇಟ್ಟುಕೊಂಡು, ತುಂಬಿದ ಬಸ್ಸಿನಲ್ಲಿ ಅಪ್ಪಿಯ ಮುಖ ಕೆಂಪಾಯಿತು.

ಆ ನಾಚಿಕೆಯ ಬೆನ್ನಿಗೇ ಇನ್ನೊಂದು ವಿಷಯ ಹೊಳೆಯಿತು. ಜಿಮ್ಮಿನ ಗೋಡೆಯ ಮೇಲೆ ಅವನು ಹುಡುಕುತ್ತಿದ್ದದ್ದು ಏನೆಂದು ಅವಳಿಗೆ ಗೊತ್ತಾಯಿತು. ಅವನಿಗೇ ಅದು ಗೊತ್ತಿರಲಿಲ್ಲ. ತನಗೆ ವಯಸ್ಸಾಯಿತೆಂದೇ ಅವನು ನಂಬಿದ್ದ. ಹೇಳಿದರೆ ಅವನು ಗೆಲ್ಲುತ್ತಾನೆ, ಗೆದ್ದರೆ ಕಡಲಿಗೆ ಹೋಗುತ್ತಾನೆ. ಅಪ್ಪಿ ಬುಟ್ಟಿಯ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡು ಬಾಯಿ ಮುಚ್ಚಿ ಕೂತಳು.

ಹತ್ತು ದಿನ ಹಾಗೆಯೇ ಕೂತಳು ಎನ್ನಬೇಕು. ದಿನಾ ಜಿಮ್ಮಿಗೆ ಹೋಗಿ ಮೂಲೆಯ ಬೆಂಚಿನ ಮೇಲೆ, ಅವನ ಕಣ್ಣಿಗೆ ಬೀಳದ ಹಾಗೆ, ಅವನ ಬೆನ್ನ ಹಿಂದೆ. ಅವನು ಎಳೆಯುತ್ತಿದ್ದ, ಗೋಡೆ ನೋಡುತ್ತಿದ್ದ, ಮಷಿನ್ ಕೀಂಯ್ ಎನ್ನುತ್ತಿತ್ತು. ಅಪ್ಪಿ ದೇವಿಯನ್ನು ನೆನೆಯುವುದನ್ನು ಬಿಟ್ಟಳು. ದೇವಿಗೆ ಮುಖ ತೋರಿಸಲು ಅವಳಿಗೇ ಸಂಕೋಚವಾಗುತ್ತಿತ್ತು.

ಡಾಕ್ಟರರು ಶನಿವಾರಕ್ಕೆ ಇಟ್ಟ ಪರೀಕ್ಷೆಗೆ ಎರಡು ದಿನ ಇರುವಾಗ ದೂಮಪ್ಪ ಜಿಮ್ಮಿಗೆ ಹೋಗಲಿಲ್ಲ. ಬೆಳಿಗ್ಗೆ ಎದ್ದು, ಇವತ್ತು ನಿನ್ನ ಜೊತೆ ಬರ್ತೇನೆ ಎಂದು ಹೊರಟ. ತಕ್ಕಡಿ ಹಿಡಿದುಕೊಂಡು ಮಣ್ಣಗುಡ್ಡದ ಗಲ್ಲಿಗಳಲ್ಲಿ ಅವಳ ಹಿಂದೆ ನಡೆದ. ಬಂಗುಡೆ ಬಂತು ಎಂದು ಕೂಗಲು ಹೋದವನಿಗೆ ಸ್ವರವೇ ಏಳಲಿಲ್ಲ. ಖಾಯಂ ಗಿರಾಕಿ ನಾಝಿಮಾ ಗೇಟಿಗೆ ಬಂದು ನಕ್ಕಳು.

"ಎಂತ ಅಪ್ಪಿಯಕ್ಕ, ಹೊಸ ಅಸಿಸ್ಟೆಂಟಾ?"

"ಪುಕ್ಕಟೆ ಸಿಕ್ಕಿದ," ಎಂದಳು ಅಪ್ಪಿ. ದೂಮಪ್ಪನೂ ನಕ್ಕ. ಆ ನಗುವನ್ನು ನೋಡಲಾರದೆ ಅಪ್ಪಿ ಬುಟ್ಟಿಯ ಬಂಗುಡೆ ಎಣಿಸತೊಡಗಿದಳು.

ಮಧ್ಯಾಹ್ನ ಊಟವಾದ ಮೇಲೆ ಅವನು ಜಗಲಿಯಲ್ಲಿ ತನ್ನ ಹುಟ್ಟನ್ನು ಸಿಹಿನೀರಲ್ಲಿ ತೊಳೆದು, ಒರೆಸಿ, ಎಣ್ಣೆ ಹಚ್ಚಿದ. ಆಮೇಲೆ ಸ್ಟೂಲು ಹತ್ತಿ ಮಾಡಿನ ಹೆಂಚು ಹೊತ್ತ ಮರದ ಪಕ್ಕಾಸಿಗೆ ಹಗ್ಗದಿಂದ ಕಟ್ಟಿದ. ಒಂದಲ್ಲ, ಎರಡಲ್ಲ, ಮೂರು ಗಂಟು.

"ದೋಣಿಗೆ ಬೇರೆ ಜನ ನೋಡ್ಲಿಕ್ಕೆ ಮುದ್ದುವಿಗೆ ಹೇಳಿದೆ," ಎಂದ, ಇಳಿಯುತ್ತಾ. "ಶನಿವಾರ ಹೋಗಿ ಆ ಮೆರ್ಲಿನ್ ಹುಡುಗಿಗೆ ಒಂದು ಮಾತು ಹೇಳಿ ಬರುವ, ಪಾಪ. ನೀನು ಇನ್ನು ಹೆದರುದು ಬೇಡ. ನನಗೆ ಗೊತ್ತುಂಟು ನೀನು ಹೆದರುದು."

ಇದೇ ಮಾತಿಗಾಗಿ ಅಲ್ಲವೇ ಅವಳು ಎಣ್ಣೆಯ ಹರಕೆ ಹೊತ್ತದ್ದು? ಮಾತು ಸಿಕ್ಕಿತು, ಮನುಷ್ಯ ಸಿಗಲಿಲ್ಲ. ಆ ಮಧ್ಯಾಹ್ನ ಜಗಲಿಯಲ್ಲಿ ಕೂತವನು ದೂಮಪ್ಪನ ಅಂಗಿ ಹಾಕಿಕೊಂಡ ಇನ್ಯಾರೋ ಒಬ್ಬ ಮುದುಕ. ಅವನು ಅವಳಿಗಾಗಿ ಕಡಲನ್ನೇ ಬಿಟ್ಟುಕೊಟ್ಟು ಕೂತಿದ್ದ. ತಾನು ಅವನಿಗಾಗಿ ಒಂದು ಮಾತನ್ನೂ ಬಿಟ್ಟುಕೊಡಲಿಲ್ಲವಲ್ಲ ಎಂದು ಅಪ್ಪಿ ಒಳಗೆ ಹೋಗಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಶನಿವಾರ ಜಿಮ್ಮಿನ ಕೆಳಗೆ ಅವಳು ಬುಟ್ಟಿಯನ್ನು ವಾಚ್‌ಮನ್ನನ ಬಳಿ ಇಡಲಿಲ್ಲ. ಸೊಂಟಕ್ಕೆ ಆನಿಸಿಕೊಂಡೇ ಮೆಟ್ಟಿಲು ಹತ್ತಿದಳು. ಮೀನಿನ ವಾಸನೆಗೆ ಸೈಕಲ್ ತುಳಿಯುತ್ತಿದ್ದ ಇಬ್ಬರು ಮೂಗು ಮುಚ್ಚಿಕೊಂಡರು. ಅಪ್ಪಿ ಅವರ ಕಡೆ ತಿರುಗಿಯೂ ನೋಡಲಿಲ್ಲ.

"ಕೂತ್ಕೊಳ್ಳಿ," ಎಂದಳು ಗಂಡನಿಗೆ, ಮಷಿನ್ ತೋರಿಸಿ.

"ಹೇಳಿದೆನಲ್ಲ ಮಾರಾಯ್ತಿ, ನನ್ನಿಂದ ಆಗುದಿಲ್ಲ ಅಂತ..."

"ಒಂದು ಸಲ. ನನಗೆ ಬೇಕಾಗಿ."

ಅವನು ಕೂತ, ಪಾದ ಕಟ್ಟಿಕೊಂಡ. ಮೆರ್ಲಿನ್ ಎದೆಗೆ ಪಟ್ಟಿ ಬಿಗಿದಳು. ಅಪ್ಪಿ ಮಷಿನ್ನನ್ನು ಸುತ್ತು ಹಾಕಿ ಎದುರಿನ ಬಿಳಿ ಗೋಡೆಯ ಬಳಿ ಹೋಗಿ ನಿಂತಳು. ಸೊಂಟದಲ್ಲಿ ಬುಟ್ಟಿ, ಮುಖ ಗಂಡನ ಕಡೆ.

ದೂಮಪ್ಪ ಅವಳನ್ನು ನೋಡಿದ. ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದ.

ಫ್ಯಾನ್ ಆರ್ಭಟಿಸಿತು. ಕಾಲು, ಬೆನ್ನು, ಕೈ. ಕಾಲು, ಬೆನ್ನು, ಕೈ. ಅದೇ ಹಳೆಯ ಅವಸರ, ಜೀವ ಬಿಟ್ಟು ಎಳೆಯುವ ಎಳೆತ. ಮೊದಲ ಸಾಲು, ಎಂದು ಅಪ್ಪಿ ಮನಸ್ಸಿನಲ್ಲೇ ಎಣಿಸಿದಳು. "ತೊಂಬತ್ತೆಂಟು," ಎಂದಳು ಮೆರ್ಲಿನ್. ಎರಡನೆಯ ಸಾಲು. "ನೂರೇಳು." ಅವನ ಕಣ್ಣು ಅವಳನ್ನು ಬಿಟ್ಟು ಅಲುಗಲಿಲ್ಲ. ಇನ್ನು ಅರ್ಧ ನಿಮಿಷ ಅವಳು ಸುಮ್ಮನೆ ನಿಂತರೆ ಸಾಕಿತ್ತು. ಮಷಿನ್ ಕೀಂಯ್ ಎನ್ನುತ್ತಿತ್ತು, ಹುಟ್ಟು ಪಕ್ಕಾಸಿನಲ್ಲೇ ಉಳಿಯುತ್ತಿತ್ತು, ಅವಳ ಗಂಡ ಸಾಯುವವರೆಗೂ ಅವಳ ತಕ್ಕಡಿ ಹಿಡಿದು ಬರುತ್ತಿದ್ದ.

"ನೂರಾಹದಿಮೂರು, ಅಂಕಲ್!"

ಅಪ್ಪಿ ಬುಟ್ಟಿಯನ್ನು ಎರಡೂ ಕೈಯಿಂದ ಎತ್ತಿ ತಲೆಯ ಮೇಲಿಟ್ಟುಕೊಂಡು, ಗೋಡೆಗೆ ಮುಖ ಮಾಡಿ ತಿರುಗಿದಳು.

ಬೆನ್ನ ಹಿಂದೆ ಫ್ಯಾನಿನ ಸದ್ದು ಇಳಿಯಿತು. ಬುಸ್, ಆಮೇಲೆ ಒಂದು ಉದ್ದ ಉಸಿರಿನಷ್ಟು ಬಿಡುವು, ಪುನಃ ಬುಸ್. ಮೆರ್ಲಿನ್ ಒಮ್ಮೆ "ನೂರಾಹದಿನೈದು" ಎಂದಳು, ಸ್ವಲ್ಪ ಹೊತ್ತು ಬಿಟ್ಟು "ನೂರಾಹನ್ನೊಂದು" ಎಂದಳು, ಆಮೇಲೆ ಸುಮ್ಮನಾದಳು. ಮೂವತ್ತೆಂಟು ವರ್ಷದಲ್ಲಿ ಅಪ್ಪಿ ಕೇಳದೇ ಇದ್ದ ಸದ್ದು ಅದು. ಅಲೆ ದಾಟಿದ ಗಂಡ ಆಮೇಲೆ ಹೇಗೆ ಹುಟ್ಟು ಹಾಕುತ್ತಾನೆ ಎನ್ನುವುದು ಅವಳಿಗೆ ಗೊತ್ತೇ ಇರಲಿಲ್ಲ, ಅಷ್ಟು ಹೊತ್ತಿಗೆ ಅವಳು ಬಸ್ಸಿನ ದಾರಿ ಹಿಡಿದಿರುತ್ತಿದ್ದಳು. ಎಷ್ಟು ಸಮಾಧಾನದ ಸದ್ದು! ಇಷ್ಟು ನಿರಾಳವಾಗಿರುವವನಿಗಾಗಿ ತಾನು ಇಷ್ಟು ವರ್ಷ ಬಸ್ಸಿನಲ್ಲಿ ದೇವರ ಹೆಸರು ಹೇಳುತ್ತಾ ಕೂತಿರುತ್ತಿದ್ದೆನಲ್ಲ ಎಂದು ಅವಳಿಗೆ ಸಿಟ್ಟೂ ಬಂತು, ಅಳುವೂ ಬಂತು.

ಎಷ್ಟು ಹೊತ್ತಾಯಿತೋ. ಸದ್ದು ನಿಂತಿತು.

"ಹನ್ನೊಂದು ನಿಮಿಷ ನಲವತ್ತೊಂದು ಸೆಕೆಂಡ್!" ಮೆರ್ಲಿನ್ ಕುಣಿದೇಬಿಟ್ಟಳು. "ನೂರಾಹದಿನಾರಕ್ಕಿಂತ ಮೇಲೆ ಹೋಗ್ಲೇ ಇಲ್ಲ ಆಂಟಿ! ಎಂತ ಮಾಡಿದ್ರಿ ನೀವು?"

ಅಪ್ಪಿ ಅಲುಗಲಿಲ್ಲ. ಕಣ್ಣೀರು ಗಲ್ಲದಿಂದ ಕುತ್ತಿಗೆಗೆ ಇಳಿಯುತ್ತಿತ್ತು, ಒರೆಸಲು ಕೈ ಎರಡೂ ಬುಟ್ಟಿಯ ಮೇಲಿದ್ದವು.

ಹಿಂದಿನಿಂದ ದೂಮಪ್ಪನ ಸ್ವರ ಕೇಳಿತು, ಏದುಸಿರಿಲ್ಲದ ಸ್ವರ.

"ಇನ್ನು ತಿರುಗು ಅಪ್ಪಿ. ವಾಪಸ್ ಬಂದಿದ್ದೇನೆ."

ಅವಳು ತಿರುಗಿದಳು. ಅವನು ಎದ್ದು ಬಂದು ಅವಳ ತಲೆಯ ಮೇಲಿನ ಬುಟ್ಟಿಯನ್ನು ಇಳಿಸಿ ತನ್ನ ಸೊಂಟಕ್ಕೆ ಆನಿಸಿಕೊಂಡ. ಇಬ್ಬರೂ ಮೆಟ್ಟಿಲು ಇಳಿಯತೊಡಗಿದರು.

"ಹುಟ್ಟಿಗೆ ಮೂರು ಗಂಟು ಹಾಕಿದ್ದೀರಿ," ಎಂದಳು ಅಪ್ಪಿ. "ಬಿಚ್ಚಲಿಕ್ಕೆ ಸ್ಟೂಲು ನಾನು ಹಿಡ್ಕೊಳ್ತೇನೆ. ಸೋಮವಾರ ಎಷ್ಟು ಗಂಟೆಗೆ?"

"ಬೆಳಕು ಹರಿದ ಮೇಲೆ," ಎಂದ ದೂಮಪ್ಪ. "ಕತ್ತಲಲ್ಲಿ ನೀನು ಕಾಣುದಿಲ್ಲ."