ನಮ್ಮ ಮನಿತನದಾಗ ಅಂಥಾದ್ದಿಲ್ರಿ

ಡಾಕ್ಟರು ಕೇಳಿದ್ದು ಗುರುದೇವಿಯನ್ನು. ಉತ್ತರ ಕೊಟ್ಟದ್ದು ಅತ್ತೆ ಭೀಮಬಾಯಿ. ಕಮಲಾಪುರದ ಆ ಮನೆಯಲ್ಲಿ ಸೊಸೆಯ ಬೇನೆಯನ್ನೂ ಅತ್ತೆಯೇ ಹೇಳಬೇಕು. ಸೊಸೆ ಬಾಯಿ ತೆರೆದರೆ ಮನೆತನದ ಮಾನ ಹರಾಜಾಗುತ್ತದಂತೆ!

ಗುರುದೇವಿಯದು ಕೀಲುವಾತ. ಕಲಬುರಗಿಯ ಡಾಕ್ಟರ್ ಆಸ್ಮಾ ಎಲ್ಲವನ್ನೂ ಬಿಡಿಸಿ ಹೇಳಿದ್ದರು. "ಮೈಯಾಗಿನ ಕಾವಲುಗಾರರು ಹಾದಿ ತಪ್ಪಿ ನಿಮ್ಮ ಕೀಲಿಗೇ ಹೊಡ್ಯಾಕತ್ತಾರ. 'ಹೊಡೀರಿ' ಅನ್ನೋ ಸುದ್ದಿ ಜೀವಕೋಶದೊಳಗ ಮುಟ್ಟಸೋದು ಕೈನೇಸ್ ಅನ್ನೋ ಪ್ರೋಟೀನು. ಈ ಗುಳಿಗಿ ಅದನ್ನ ತಡೀತದ. ಆದ್ರ ಖರೇ ಕಳ್ಳ ಬಂದಾಗೂ ಕಾವಲು ಸಡಿಲ ಇರ್ತದ. ಮೈಯಾಗ ಟಿಬಿ ಮಲಗಿದ್ರ ಎದ್ದು ಕೂಡ್ತದ. ನಿಮ್ಮ ರಕ್ತ ತಪಾಸಣಿ ಸರಿ ಬಂದದ ಖರೇ, ಆದ್ರ ಅದನ್ನೊಂದೇ ನಂಬಾಂಗಿಲ್ಲ. ಮನ್ಯಾಗ ಯಾರಿಗರೆ ಟಿಬಿ ಆಗಿತ್ತೇನು?"

"ನಮ್ಮ ಮನಿತನದಾಗ ಅಂಥಾದ್ದಿಲ್ರಿ," ಎಂದಳು ಭೀಮಬಾಯಿ. ಗುರುದೇವಿಯ ಗಂಡ ರೇವಣ ಪಕ್ಕದಲ್ಲೇ ಕುಳಿತು ಗೋಡೆಯ ಕ್ಯಾಲೆಂಡರ್ ನೋಡಿದ.

ಗುಳಿಗೆ ಕೆಲಸ ಮಾಡಿತು. ಎರಡು ವರ್ಷದಿಂದ ಮುಷ್ಟಿ ಕಟ್ಟಲಾಗದ ಕೈ ಮತ್ತೆ ಹಿಟ್ಟು ನಾದಿತು, ರೊಟ್ಟಿ ಬಡಿಯಿತು. ಖಾನಾವಳಿಯವರು ದಿನಕ್ಕೆ ನೂರು ರೊಟ್ಟಿ ಒಯ್ದರು. ನಾಲ್ಕನೇ ತಿಂಗಳಿಗೆ ಸಂಜೆಯ ಜ್ವರ, ಕೆಮ್ಮು, ಕಫದಲ್ಲಿ ರಕ್ತ. ಟಿಬಿ.

"ನಾ ಕೇಳಿದ್ದೆ!" ಆಸ್ಮಾ ಮೇಜು ಗುದ್ದಿದರು. ಆಗ ರೇವಣ ಬಾಯಿಬಿಟ್ಟ. ಮೂರು ವರ್ಷದ ಹಿಂದೆ ಅವ್ವನಿಗೆ ಟಿಬಿ ಆಗಿತ್ತು. ತಂಗಿ ರಾಜೇಶ್ರೀಗೆ ಗಂಡು ಸಿಗಲಿಕ್ಕಿಲ್ಲವೆಂದು ಹೆದರಿ, ಗಾಜಿಪುರದ ಚಿಕ್ಕವ್ವನ ಮನೆಯಲ್ಲಿಟ್ಟು ಆರು ತಿಂಗಳು ಗುಳಿಗೆ ನುಂಗಿಸಿದ್ದರು. ಗುರುದೇವಿಗೆ ಮಂಡಿನೋವಿನ ಕಥೆ ಕಟ್ಟಿದ್ದರು.

ಗುರುದೇವಿಗೆ ಅಂಗಾಲಿನ ಸಿಟ್ಟು ನೆತ್ತಿಗೇರಿತು. ಅತ್ತೆಯದಿರಲಿ, ಇವನು! ದಿನಾ ತನ್ನ ಕೈಯಿಂದಲೇ ಗುಳಿಗೆ ಬಿಡಿಸಿ ಕೊಟ್ಟವನು. ಬಾಯಲ್ಲಿ ಬಸಪ್ಪ, ಹೊಟ್ಟೆಯಲ್ಲಿ ವಿಷಪ್ಪ.

ಕೀಲಿನ ಗುಳಿಗೆ ನಿಂತಿತು, ಟಿಬಿಯ ಔಷಧ ಶುರುವಾಯಿತು. ವಾರದೊಳಗೆ ಬೆರಳು ಮತ್ತೆ ಬಿಗಿದವು. ಮನೆಯವರೆಲ್ಲ ತಪಾಸಣೆಗೆ ಬರಬೇಕೆಂದು ಆಸ್ಮಾ ಹೇಳಿದ್ದರು. "ಮದುವಿ ಮುಗೀಲಿ," ಎಂದಳು ಭೀಮಬಾಯಿ. ಶುಕ್ರವಾರ ಶರಣಸಿರಸಗಿಯಿಂದ ಗಂಡಿನ ಕಡೆಯವರು ರಾಜೇಶ್ರೀಯ ಮದುವೆ ಮಾತುಕತೆಗೆ ಬರುವವರಿದ್ದರು.

ಶುಕ್ರವಾರ ಬೆಳಿಗ್ಗೆ ಗುರುದೇವಿಗೆ ಹೆರಳು ಹಾಕಿಕೊಡುತ್ತ ರಾಜೇಶ್ರೀ ಮೆಲ್ಲಗೆ ಅಂದಳು: "ವೈನಿ, ನಂಗೂ ಎರಡು ವಾರ ಆತು, ಸಂಜಿಕಿ ಜ್ವರ ಬರ್ತಾವ. ಯಾರಿಗೂ ಹೇಳಬ್ಯಾಡ ಅಂದಾಳ ಅವ್ವ."

ಗುರುದೇವಿ ಅರ್ಧ ಹೆರಳಲ್ಲೇ ಎದ್ದಳು. "ನಡಿ, ಕಲಬುರಗಿ ಬಸ್ಸಿಗಿ."

ಭೀಮಬಾಯಿ ಬಾಗಿಲಿಗೆ ಅಡ್ಡ ನಿಂತಳು. "ಬೀಗರು ಬರೋ ಹೊತ್ತದ! ನಮ್ಮ ಮಾನ ಕಳೀತೀಯೇನ?"

"ನನ್ನ ಜೀವ ತಿಂದ್ರಿ. ಇನ್ನ ಹಡದ ಮಗಳದ್ದೂ ತಿಂತೀರೇನು? ಸರೀರಿ ಅತ್ತಿ, ಇಲ್ಲಾಂದ್ರ ಓಣಿ ಕೂಡಂಗ ಒದರ್ತೀನಿ."

ಭೀಮಬಾಯಿ ಸರಿದಳು. ರೇವಣ ಬೈಕಿನ ಚಾವಿ ಹುಡುಕುತ್ತ, "ನಾನೂ ಬರ್ತೀನಿ," ಎಂದ.

"ನೀವು ಬರಬ್ಯಾಡ್ರಿ. ಅಲ್ಲಿ ಬಾಯಿ ಇದ್ದವರು ಬೇಕು."

ಇಬ್ಬರೂ ಮಾಸ್ಕ್ ಹಾಕಿ ಬಸ್ಸು ಹತ್ತಿದರು. ಊರು ದಾಟುವಷ್ಟರಲ್ಲಿ ಗಂಡಿನ ಮನೆಯಿಂದ ರಾಜೇಶ್ರೀಗೆ ಫೋನು ಬಂತು. ತಾನೇ ಮಾತಾಡಬೇಕೆಂದು ಗುರುದೇವಿ ಕೈ ಚಾಚಿದಳು. ಬೆರಳಿಗೆ ಫೋನು ಹಿಡಿಯಲಾಗಲಿಲ್ಲ. ರಾಜೇಶ್ರೀ ಅದನ್ನು ತನ್ನ ಕಿವಿಗಿಟ್ಟುಕೊಂಡಳು.

"ಇವತ್ತು ಬರಬ್ಯಾಡ್ರಿ. ನಮ್ಮವ್ವಗ ಟಿಬಿ ಆಗಿತ್ತು, ವೈನಿಗಿ ಆಗ್ಯಾದ, ನಂದು ತೋರಸಾಕ ಹೊಂಟೀನಿ. ರಿಪೋರ್ಟ್ ಬಂದ ಮ್ಯಾಲ ನಾನೇ ಹೇಳ್ತೀನಿ."