ಹುಣಸೆಹಣ್ಣಿನಲ್ಲಿ ಉಜ್ಜಿದ ಮೈಕು

ನಾನು ಒಂದು ಮೈಕು. ಹೆಸರಿಗೆ ಮೈಕು, ನಿಜ ಹೇಳಬೇಕೆಂದರೆ ನಾನೊಂದು ಕಿವಿ. ಹಿಡಿದವರೆಲ್ಲ ನನ್ನನ್ನು ಬಾಯಿ ಅಂದುಕೊಳ್ಳುತ್ತಾರೆ. ಆಡುವವರು ಅವರು, ಅರಚುವುದು ಮೂಲೆಯ ಸ್ಪೀಕರ್ರು, ನಡುವೆ ಸುಮ್ಮನೆ ಕೇಳಿಸಿಕೊಳ್ಳುವ ಬಡಪಾಯಿ ನಾನು.

ಹುಟ್ಟಿದ್ದು ದೆಹಲಿಯ ಇಕ್ಕಟ್ಟು ಗಲ್ಲಿಯೊಂದರ ಕಾರ್ಖಾನೆಯಲ್ಲಿ. ಬಳೆ ತೊಟ್ಟ ಒಂದು ಕೈ ನನ್ನೊಳಗೆ ತಾಮ್ರದ ತಂತಿಯ ಸುರುಳಿ ಕೂರಿಸಿತು, ಅದಕ್ಕೆ ಈರುಳ್ಳಿ ಸಿಪ್ಪೆಯಂಥ ಪೊರೆ ಅಂಟಿಸಿತು. ಆ ಕೈಯವಳು ಕೆಲಸ ಮಾಡುತ್ತಾ ಏನೋ ಗುನುಗುತ್ತಿದ್ದಳು. ನನ್ನ ಪೊರೆ ಮೊದಲ ಸಲ ನಡುಗಿದ್ದು ಆ ಗುನುಗಿಗೆ. ಅವಳ ಭಾಷೆ ಗೊತ್ತಿಲ್ಲ, ಮುಖವನ್ನೂ ನೋಡಲಿಲ್ಲ. ಈಗಲೂ ಮಂಪರು ಹತ್ತಿದರೆ ಆ ದನಿ ಎಲ್ಲಿಂದಲೋ ತೇಲಿ ಬರುತ್ತದೆ.

ಒಂದು ಗುಟ್ಟು ಈಗಲೇ ಹೇಳಿಬಿಡುತ್ತೇನೆ. ನಮ್ಮ ಜಾತಿಯ ಮೈಕಿಗೆ ಕೇಳಲು ಕರೆಂಟು ಬೇಕಿಲ್ಲ. ಕರೆಂಟು ಬೇಕಾದ್ದು ಸ್ಪೀಕರಿಗೆ. ಊರಿಗೇ ಕತ್ತಲೆ ಕವಿದರೂ ನನ್ನ ಪೊರೆ ನಡುಗುತ್ತಲೇ ಇರುತ್ತದೆ.

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಗುರುಪಾದಪ್ಪನವರ ಸೌಂಡ್ ಸರ್ವಿಸ್ ಇತ್ತು. ನಾನು ಬಂದು ಬಿದ್ದದ್ದು ಅಲ್ಲಿಗೆ. ಅಯ್ಯೋ, ನಾನು ಕೇಳದ ಮಾತುಂಟೆ! ಮದುವೆ ಮನೆಯಲ್ಲಿ ಬೀಗರ ಹೆಸರು, ಚುನಾವಣೆಯ ಆಟೋದಲ್ಲಿ ಭರವಸೆ, ನಾಟಕದಲ್ಲಿ ಪರದೆಯ ಹಿಂದಿನ ಬೈಗುಳ. ಒಮ್ಮೆ ವಸ್ತುಪ್ರದರ್ಶನದಲ್ಲಿ ತಪ್ಪಿಸಿಕೊಂಡ ಒಂದು ಮಗು ನನ್ನ ಮುಂದೆ ತನ್ನ ಅಮ್ಮನ ಹೆಸರು ‘ಅಮ್ಮ’ ಅಂತ ಹೇಳಿತ್ತು. ಕೆಳಗಿನಿಂದ ನೋಡುವವನು ನಾನು, ಮನುಷ್ಯರೆಂದರೆ ನನಗೆ ಗದ್ದ, ಹಲ್ಲು, ಉಸಿರು. ವೀಳ್ಯದೆಲೆಯ ಉಸಿರು, ಬೀಡಿಯ ಉಸಿರು, ಹೆದರಿದವರ ಒಣ ಉಸಿರು.

ಆ ಅಂಗಡಿಯಲ್ಲಿ ವೈರು ಸುತ್ತುತ್ತಿದ್ದವನು ದೊರೆಸ್ವಾಮಿ. ಅವನ ತಾಯಿ ಪುಟ್ಟತಾಯಮ್ಮ ಊರಿನ ಒಂದು ಕಾಲೇಜಿನ ಹಾಸ್ಟೆಲಿನಲ್ಲಿ ಅಡುಗೆಗಿದ್ದರು. ಮಗ ಡ್ರಮ್ಮು ಬಾರಿಸುವುದು ಅವರಿಗೆ ಗೊತ್ತಿತ್ತು. ಅದು ದೇವಸ್ಥಾನದಲ್ಲಿ ಅಂದುಕೊಂಡಿದ್ದರು, ಪಾಪ. ಅವನು ಬಾರಿಸುತ್ತಿದ್ದುದು ‘ಜಾಲಿಮುಳ್ಳು’ ಎಂಬ ರಾಕ್ ಬ್ಯಾಂಡಿನಲ್ಲಿ. ಗಿಟಾರಿಗೆ ಗೆಳೆಯ ಲಾರೆನ್ಸ್. ಹಾಡಲು ಚೂಡಾಮಣಿ. ಅವರು ಹಾಡುತ್ತಿದ್ದುದು ಸಿನಿಮಾ ಹಾಡೂ ಅಲ್ಲ, ಭಾವಗೀತೆಯೂ ಅಲ್ಲ. ಅವರದೇ ಕನ್ನಡ, ಅವರದೇ ಗದ್ದಲ. ಗುರುಪಾದಪ್ಪನವರನ್ನು ಕಾಡಿ ಬೇಡಿ ದೊರೆಸ್ವಾಮಿ ನನ್ನನ್ನು ಬ್ಯಾಂಡಿಗೆ ತಂದ.

ಚೂಡಾಮಣಿ ಟೈಲರ್ ಒಬ್ಬರ ಮಗಳು. ಅಪ್ಪನ ಅಂಗಡಿಯ ತುಂಡುಬಟ್ಟೆಗಳನ್ನೇ ಜೋಡಿಸಿ ಹೊಲಿದ ರವಿಕೆ, ಗಂಡಸರ ಲುಂಗಿ, ಹಣೆಗೆ ರೂಪಾಯಿ ಅಗಲದ ಕುಂಕುಮ. ಈ ವೇಷದಲ್ಲಿ ಅವಳು ವೇದಿಕೆ ಹತ್ತಿದರೆ ಮುಂದಿನ ಸಾಲಿನವರು ಕೆಮ್ಮುತ್ತಿದ್ದರು. ಹಾಡುವಾಗ ನನ್ನ ಜಾಲರಿಗೆ ಹಲ್ಲು ತಾಗಿಸುವುದು ಅವಳ ಅಭ್ಯಾಸ. ಎಡಗಡೆ ಒಂದು ನೆಗ್ಗು ಈಗಲೂ ಇದೆ. ನನಗೆ ನೋಯಲಿಲ್ಲ. ಅಷ್ಟು ಹತ್ತಿರ ಬಂದು ಮಾತಾಡಿದವರು ಅದುವರೆಗೆ ಯಾರೂ ಇರಲಿಲ್ಲ.

ಅವಳ ಹಾಡುಗಳಲ್ಲಿ ದೊಡ್ಡದು ‘ಬಾಗಿಲು’. ಗಂಡಸರು ಒಬ್ಬೊಬ್ಬರಾಗಿ ಬಂದು ಹೆಣ್ಣೊಬ್ಬಳ ಬಾಗಿಲು ಬಡಿಯುತ್ತಾರೆ. ಎರಡು ಚರಣಗಳಲ್ಲಿ ಬರೀ ಬಡಿತ. ಕೊನೆಯ ಚರಣದಲ್ಲಿ ಅವಳು ಉತ್ತರ ಕೊಡಬೇಕು. ಆ ಚರಣವನ್ನು ಬರೆದಿಡುತ್ತಿರಲಿಲ್ಲ, ಪ್ರತಿ ಸಲವೂ ನಿಂತಲ್ಲೇ ಕಟ್ಟಿ ಹಾಡುತ್ತಿದ್ದಳು. ಅದು ಅವರ ಬ್ಯಾಂಡಿನ ಪದ್ಧತಿ, ಅವಳ ಜಂಬವೂ ಹೌದು.

ಪುಟ್ಟತಾಯಮ್ಮನವರ ಕಾಲೇಜಿನ ಹಾಸ್ಟೆಲ್ ಅಂಗಳದಲ್ಲೇ ಒಂದು ಸಂಜೆ ಕಾರ್ಯಕ್ರಮ. ‘ಬಾಗಿಲು’ ಹಾಡಿನ ಎರಡನೇ ಚರಣ ಮುಗಿಯುವ ಹೊತ್ತಿಗೆ ಮುಂದಿನ ಸಾಲಿನ ಹಿರಿಯರೊಬ್ಬರು ಎದ್ದು, “ನಿಲ್ಸಿ ಈ ಅಸಹ್ಯಾನ! ಎಳೀರಿ ಮೇನು!” ಎಂದು ಕೂಗಿದರು. ಮೇನ್ ಸ್ವಿಚ್ ಎಳೆದರು. ಸ್ಪೀಕರ್ರು ಸತ್ತಿತು, ಗಿಟಾರು ಸತ್ತಿತು, ದೊರೆಸ್ವಾಮಿ ಡ್ರಮ್ಮು ಬಿಟ್ಟು ಸ್ವಿಚ್ಚಿನ ಕಡೆ ಓಡಿದ. ಜನ ಹೋ ಎಂದರು, ಎಲ್ಲಿಂದಲೋ ಒಂದು ಚಪ್ಪಲಿ ಬಂದು ಬಿತ್ತು. ಚೂಡಾಮಣಿ ನಿಲ್ಲಿಸಲಿಲ್ಲ. ನನ್ನನ್ನು ಬಾಯಿಗೆ ಒತ್ತಿಕೊಂಡು ಕೊನೆಯ ಚರಣ ಪೂರ್ತಿ ಹಾಡಿದಳು. ಆ ಗಲಾಟೆಯಲ್ಲಿ ಪಕ್ಕದ ಲಾರೆನ್ಸನಿಗೂ ಒಂದಕ್ಷರ ಕೇಳಲಿಲ್ಲ. ನಾನು ಕೇಳಿದೆ.

ಆಮೇಲೆ ಬ್ಯಾಂಡು ಚೂರುಚೂರಾಯಿತು. ಪತ್ರಿಕೆಯಲ್ಲಿ ಬೈದು ಬರೆದರು, ಟೈಲರ್ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಲಾರೆನ್ಸ್ ಮಸ್ಕತ್ತಿಗೆ ಹೋದ. ಚೂಡಾಮಣಿಗೆ ಬಸ್ ನಿಲ್ದಾಣದಲ್ಲಿ ಬಸ್ಸುಗಳ ಹೆಸರು ಕೂಗುವ ಕೆಲಸ ಸಿಕ್ಕಿತು, ಅದೂ ಬೇರೊಂದು ಮೈಕಿನ ಮುಂದೆ. ಹೊಟ್ಟೆ ಉರಿಯಿತು ನನಗೆ, ಸುಳ್ಳೇಕೆ ಹೇಳಲಿ.

ನನ್ನನ್ನು ಒಂದು ತಗಡಿನ ಟ್ರಂಕಿನಲ್ಲಿ ಮಲಗಿಸಿದರು. ಹದಿನೇಳು ವರ್ಷ. ಕತ್ತಲೆಯಲ್ಲಿ ದನಿಗಳು ಒಂದರೊಳಗೊಂದು ಕರಗಿದವು. ದೆಹಲಿಯವಳ ಗುನುಗಿನ ಮೇಲೆ ಆ ಮಗು ‘ಅಮ್ಮ’ ಅನ್ನುತ್ತಿತ್ತು, ಬೀಗರು ಬಾಗಿಲು ಬಡಿಯುತ್ತಿದ್ದರು, ದೂರದಲ್ಲಿ ಚೂಡಾಮಣಿ ಯಾವುದೋ ಬಸ್ಸಿನ ಹೆಸರು ಹೇಳುತ್ತಿದ್ದಳು, ಬಸ್ಸು ಮೋಡದೊಳಗೆ ಹೋಗುತ್ತಿತ್ತು. ನಡುವೆ ಆ ಕೊನೆಯ ಚರಣದ ನಾಲ್ಕು ಸಾಲು ಮಾತ್ರ ಕರಗದೆ ಹಾಗೇ ಉಳಿದಿದ್ದವು. ಅವು ನನ್ನೊಬ್ಬನದೇ ಆಸ್ತಿ ಅಂದುಕೊಂಡಿದ್ದೆ.

ಒಂದು ದಿನ ಟ್ರಂಕು ತೆರೆಯಿತು. ಗುರುಪಾದಪ್ಪನವರು ತೀರಿಕೊಂಡು ಅಂಗಡಿ ದೊರೆಸ್ವಾಮಿಯದಾಗಿತ್ತು, ಅವನ ಗಡ್ಡಕ್ಕೆ ನರೆ ಬಂದಿತ್ತು. ಆ ಸಂಜೆಯ ಚಿತ್ರವನ್ನು ಯಾರೋ ಮೊಬೈಲಿನಲ್ಲಿ ಹಿಡಿದಿಟ್ಟಿದ್ದರಂತೆ. ಈಗ ಅದು ಊರೂರು ಸುತ್ತುತ್ತಿತ್ತು. ಅದರಲ್ಲಿ ಹಾಡು ನಿಂತುಹೋಗುತ್ತದೆ, ಆದರೆ ಅವಳ ತುಟಿ ಆಡುತ್ತಲೇ ಇರುತ್ತದೆ. ನೋಡಿದವರದೆಲ್ಲ ಒಂದೇ ಪ್ರಶ್ನೆ: ಅವಳು ಏನು ಹಾಡಿದಳು? ಲಾರೆನ್ಸ್ ವಾಪಸ್ಸು ಬಂದ. ಜಾಲಿಮುಳ್ಳು ಮತ್ತೆ ಕೂಡಿತು. ಬಾಡಿಗೆ ಸ್ಟುಡಿಯೋದ ಹೊಸ ಮೈಕಿನಲ್ಲಿ ಎಂಟು ಹಾಡು ಮುಗಿಸಿದರು. ಒಂಬತ್ತನೆಯದು ‘ಬಾಗಿಲು’. ಆಲ್ಬಮ್ಮಿನ ಹೆಸರೂ ಅದೇ.

ಚೂಡಾಮಣಿಗೆ ಮಾತ್ರ ಕೊನೆಯ ಚರಣ ಮರೆತೇಹೋಗಿತ್ತು.

ಹನ್ನೊಂದು ಸಲ ಹೊಸದು ಬರೆದಳಂತೆ, ಹನ್ನೊಂದನ್ನೂ ಹರಿದಳಂತೆ. ಹೀಗೇ ಆಯುಧಪೂಜೆ ಬಂತು. ಅವತ್ತು ದೊರೆಸ್ವಾಮಿಯ ಅಂಗಡಿಯಲ್ಲಿ ಸ್ಪೀಕರು, ಆಂಪ್ಲಿಫೈಯರು, ಡ್ರಮ್ಮು ಎಲ್ಲಕ್ಕೂ ಚೆಂಡುಹೂವು. ಬೆಳಿಗ್ಗೆಯೇ ಪುಟ್ಟತಾಯಮ್ಮ ದೇವರ ದೀಪಗಳನ್ನು ಹುಣಸೆಹಣ್ಣಿನಲ್ಲಿ ಉಜ್ಜುತ್ತಾ ಕೂತಿದ್ದರು. ಪಕ್ಕದಲ್ಲಿ ಮಸಿ ಹಿಡಿದು ಬಿದ್ದಿದ್ದ ನಾನು ಕಣ್ಣಿಗೆ ಬಿದ್ದೆ. ನನಗೂ ಅದೇ ಉಪಚಾರ! ತಲೆಗೆ ಹುಣಸೆಹಣ್ಣು, ಮೇಲೆ ಒಂದು ಚೊಂಬು ನೀರು, ಆಮೇಲೆ ಗಂಧ, ಕುಂಕುಮ. ಜಾಲರಿಯ ತೂತುಗಳೆಲ್ಲ ಮುಚ್ಚಿಹೋದವು.

ದೊರೆಸ್ವಾಮಿ ತಲೆ ಚಚ್ಚಿಕೊಂಡ. “ಅವ್ವಾ, ಇದೇನ್ ಹಿತ್ತಾಳೆ ಚೊಂಬಾ?”

“ಚೊಂಬಿಗಿಂತ ಕಡೆಯಾಗಿತ್ತು ಬುಡು. ಆ ಹುಡ್ಗಿ ಹಲ್ ಕಚ್ಚಿ ಎಂಜ್ಲು ಮಾಡಿದ್ಲು.”

“ಜೀವ ಐತೋ ಇಲ್ವೋ ನೋಡ್ತೀನಿ ತಡಿ.”

“ಪೂಜೆ ಆಗ್ಯದೆ ಕಣ್ಲಾ. ನಾಳೆಗಂಟ ಯಾವ್ದುನ್ನೂ ಮುಟ್ಟಂಗಿಲ್ಲ!”

ಅಷ್ಟರಲ್ಲಿ ಚೂಡಾಮಣಿ, ಲಾರೆನ್ಸ್ ಬಂದರು. ಚೂಡಾಮಣಿಯ ದನಿ ಒಡೆದಿತ್ತು, ಆದರೆ ಕುಂಕುಮ ಅಷ್ಟೇ ಅಗಲವಿತ್ತು. ಸ್ಪೀಕರಿನ ಮೇಲೆ ಕುಸಿದು ಕೂತು, “ಬಿಟ್ಬಿಡಿ ಆ ಹಾಡ್ನ. ಆಲ್ಬಮ್ಮೇ ಬೇಡ. ಅವತ್ತು ಹಾಡಿದ್ದು ಬೇರೆ ಯಾರೋ. ನಾನು ಬಸ್ಸಿನ ಹೆಸರು ಕೂಗೋಳು,” ಎಂದಳು.

“ಮೂರು ತಿಂಗಳಿಂದ ಮಾಡಿದ್ದೆಲ್ಲ ನೀರಲ್ಲಿ ಹೋಮನಾ ಚೂಡಿ?” ಅಂದ ಲಾರೆನ್ಸ್.

“ಸುಳ್ಳು ಹಾಡ್ಲಾ ಮತ್ತೆ?”

ನನಗೆ ಆಗಿನಷ್ಟು ಸಂಕಟ ಎಂದೂ ಆಗಿಲ್ಲ. ನಾಲ್ಕೂ ಸಾಲು ನನ್ನ ಹೊಟ್ಟೆಯಲ್ಲಿದ್ದವು. ಹೇಳೋಣವೆಂದರೆ ಕಿವಿಗೆಲ್ಲಿಯ ಬಾಯಿ?

ಪುಟ್ಟತಾಯಮ್ಮ ಕಡ್ಲೆಪುರಿಯ ತಟ್ಟೆ ಹಿಡಿದು ಬಂದರು. ಚೂಡಾಮಣಿಯನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ, ಮಗನನ್ನು ಹಾಳು ಮಾಡಿದವಳೆಂದು ಹದಿನೇಳು ವರ್ಷ ಶಾಪ ಹಾಕಿದ್ದರು. ತಟ್ಟೆಯನ್ನು ಅವಳ ಮುಂದೆ ಕುಕ್ಕಿ, ಗೋಡೆ ನೋಡುತ್ತಾ ಹೇಳಿದರು:

“ನೆರಿಗೆ ಎಣಿಸ್ಬೇಡಿ ನನ್ದು,
ನಡಿಗೆ ಅಳೀಬೇಡಿ ನನ್ದು,
ಹಸಿವೂ ನನ್ದು, ಹಾಸ್ಗೆ ನನ್ದು,
ಬಡೀಬೇಡಿ, ಬಾಗ್ಲ ನಾನೇ ತಗೀತೀನಿ.”

ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ನನ್ನ ಪೊರೆ ಗಡಗಡ ನಡುಗಿತು. ಚೂಡಾಮಣಿ ಸ್ಪೀಕರಿನ ಮೇಲಿಂದ ಎದ್ದು ನಿಂತಳು.

“ಅವ್ವಾ... ನಿಮಗೆ ಹೆಂಗೆ?”

“ಟೇಜಿನ ಹಿಂದ್ಗಡೆ ಅಡ್ಗೆಮನೆ ಬಾಗ್ಲಲ್ಲಿ ನಿಂತಿದ್ದೆ, ನಿನ್ ಬೆನ್ನಿಂದೆ. ಎಲ್ಲಾ ನಿನ್ ಮುಂದೆ ಕೂಗ್ತಿದ್ರು, ಹಿಂದೆ ನಾನೊಬ್ಳೇ.”

“ಇಷ್ಟು ವರ್ಷ ನೆನಪಿಟ್ಕೊಂಡಿದ್ರಾ? ನನ್ನ ಕಂಡ್ರೆ ಆಗಲ್ವಲ್ಲ ನಿಮಗೆ!”

ಪುಟ್ಟತಾಯಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು. “ಇಪ್ಪತ್ಮೂರಕ್ಕೆ ಗಂಡ ಹೋದ. ಇವನು ಸೊಂಟದ್ ಮೇಲಿದ್ದ. ಅವತ್ತಿಂದ ನೆಂಟ್ರು ನನ್ ಬಾಗ್ಲ ಯಾರೂ ತಟ್ದಂಗೆ ನೋಡ್ಕೊಂಡ್ರು, ನಾನೂ ತಗೀದಂಗೆ ನೋಡ್ಕೊಂಡ್ರು. ನೀನು ನಿಂತ್ಕಂಡು ಅಂಗಂದ್ಬುಟ್ಟೆ. ಕೋಪ ಬತ್ತು ಕಣವ್ವ. ನಂಗ್ಯಾಕೆ ಬಾಯ್ ಬರ್ನಿಲ್ಲ ಅಂತ ಕೋಪ. ಮರೆಯಕಾಯ್ತದಾ?”

ಚೂಡಾಮಣಿ ಅಳುತ್ತಿದ್ದಳು. ಕಣ್ಣು ಒರೆಸಿಕೊಂಡು, “ಇನ್ನೊಂದ್ಸಲ ಹೇಳ್ತೀರಾ ಅವ್ವಾ?” ಎಂದು ಕೇಳಿದಳು.

ಪುಟ್ಟತಾಯಮ್ಮ ಬಗ್ಗಿ, ಚೆಂಡುಹೂವು ಸರಿಸಿ, ನನ್ನನ್ನೇ ಎತ್ತಿಕೊಂಡರು. “ಇದ್ರಲ್ಲೇ ಯೋಳ್ತೀನಿ. ಆಕ್ಲಾ ಸ್ವಿಚ್ಚು.”

“ನಾಳೆಗಂಟ ಮುಟ್ಟಂಗಿಲ್ಲ ಅಂದ್ಯಲ್ಲವ್ವಾ?”

“ಚಾಮುಂಡಮ್ಮಂಗೆ ನಾನ್ ಯೋಳ್ಕತೀನಿ. ನೀನು ಆಕು.”

ಒದ್ದೆ ಕುಂಕುಮದ ಹಿಂದಿನಿಂದ ನಾನು ಕೇಳಿದೆ. ಮುಚ್ಚಿದ ಕದದ ಆಚೆಯಿಂದ ಮಾತಾಡಿದ ಹಾಗೆ ಬಂತು ಅವರ ದನಿ. ಲಾರೆನ್ಸ್ ಲ್ಯಾಪ್‌ಟಾಪಿನಲ್ಲಿ ರೆಕಾರ್ಡಿಂಗ್ ಶುರುಮಾಡಿ, ಕಿವಿಗೆ ಹೆಡ್‌ಫೋನು ಹಾಕಿಕೊಂಡು, “ತೊಳೀಬೇಡಿ, ಒರೆಸ್ಬೇಡಿ, ಹಿಂಗೇ ಇರ್ಲಿ!” ಎಂದು ಕೂಗಿದ. ಪುಟ್ಟತಾಯಮ್ಮ ಹೇಳಿ ಮುಗಿಸಿದ ಮೇಲೆ ಚೂಡಾಮಣಿ ನನ್ನ ಹಳೆಯ ನೆಗ್ಗಿಗೆ ಹಲ್ಲು ತಾಗಿಸಿ, ಅದೇ ಸಾಲುಗಳನ್ನು ಒಡಕು ದನಿಯಲ್ಲಿ ಹಾಡಿದಳು. ಆಲ್ಬಮ್ಮಿನಲ್ಲಿ ಹಾಗೇ ಇದೆ. ಮೊದಲು ಅವರು ಹೇಳುತ್ತಾರೆ, ಆಮೇಲೆ ಇವಳು ಹಾಡುತ್ತಾಳೆ. ಜನ ಮೆಚ್ಚಿದರು. ಬೈದವರೂ ಇದ್ದರು, ಈ ಸಲ ಮುದುಕಿಯನ್ನೂ ಸೇರಿಸಿ ಬೈದರು. ಪುಟ್ಟತಾಯಮ್ಮನವರಿಗೆ ಅದನ್ನು ಓದಿ ಹೇಳಿದಾಗ ಬಿದ್ದು ಬಿದ್ದು ನಕ್ಕರು.

ಹುಣಸೆಹಣ್ಣು ತನ್ನ ಕೆಲಸ ಮಾಡಿತು. ಆರೇ ತಿಂಗಳಲ್ಲಿ ನನ್ನ ತಂತಿ ಕಿಲುಬು ಹಿಡಿದು ಹರಿಯಿತು. ಗುಜರಿಗೆ ಹಾಕಲು ಹೊರಟ ಮಗನ ಕೈಯಿಂದ ಪುಟ್ಟತಾಯಮ್ಮ ನನ್ನನ್ನು ಕಿತ್ತುಕೊಂಡರು. ಈಗ ಅವರ ದೇವರ ಗೂಡಿನಲ್ಲಿ, ದೀಪದ ಪಕ್ಕದಲ್ಲಿ ಇದ್ದೇನೆ. ಶುಕ್ರವಾರಕ್ಕೊಮ್ಮೆ ಅದೇ ಹುಣಸೆಹಣ್ಣು. ಉಜ್ಜಲಿ, ಇನ್ನೇನು ಹಾಳಾಗುವುದಿದೆ?

ಮಧ್ಯಾಹ್ನ ಮಗ ಅಂಗಡಿಗೆ ಹೋದ ಮೇಲೆ ಅವರು ನನ್ನನ್ನು ಕೈಗೆತ್ತಿಕೊಳ್ಳುತ್ತಾರೆ. ವೈರಿಲ್ಲ, ಸ್ಪೀಕರಿಲ್ಲ. ಬಾಯಿಗೆ ಹತ್ತಿರ ಹಿಡಿದು ಮೆಲ್ಲಗೆ ಮಾತಾಡುತ್ತಾರೆ. ತಂತಿ ಹರಿದರೂ ಪೊರೆ ಇನ್ನೂ ನಡುಗುತ್ತದೆ. ಕಿಟಕಿಯ ಬಿಸಿಲು ಜಾಲರಿಯ ಮೇಲೆ ಬೀಳುತ್ತದೆ, ದೆಹಲಿಯವಳ ಗುನುಗೂ ಎಲ್ಲೋ ಸೇರಿಕೊಳ್ಳುತ್ತದೆ. ಮೊನ್ನೆ ಒಂದು ಹೆಸರು ಹೇಳಿದರು. ಅದು ಅವರ ಗಂಡನ ಹೆಸರಲ್ಲ. ನಲವತ್ತು ವರ್ಷದ ಹಿಂದೆ ಒಂದು ಸಲ ಬಾಗಿಲವರೆಗೂ ಬಂದು, ಬಡಿಯದೆ ಹಿಂದಿರುಗಿದವನಂತೆ. ಹೇಳಿ ಮುಗಿಸಿ ನನ್ನನ್ನು ಗೂಡಿನಲ್ಲಿಟ್ಟು, ಎದ್ದು ಹೋಗಿ ಬೀದಿ ಬಾಗಿಲು ತೆಗೆದರು. ಯಾರೂ ಇರಲಿಲ್ಲ. ಸಂಜೆಯ ತನಕ ಅದನ್ನು ತೆರೆದೇ ಇಟ್ಟಿದ್ದರು.