ಸುಟ್ಟ ಕೋಟಿನ ಎರಡು ಕಥೆ

ಗ್ರಂಥಾಲಯದ ಮಹಡಿಯಲ್ಲಿ ಕಥೆ ಬರೆಯುವುದನ್ನು ಕಲಿಸುವ ಸಂಜೆ ತರಗತಿಗೆ ಇಬ್ಬರು ಓರಗಿತ್ತಿಯರು ಬರುತ್ತಿದ್ದರು. ಮನೆ ಒಂದೇ, ಹೊಲಿಗೆ ಅಂಗಡಿ ಒಂದೇ. ಕೂರುತ್ತಿದ್ದದ್ದು ಮಾತ್ರ ಬೇರೆ ಬೇರೆ ಬೆಂಚಿನಲ್ಲಿ. ಕೆಲವು ದಿನಗಳಿಂದ ಇಬ್ಬರದೂ ಎಣ್ಣೆ–ಸೀಗೇಕಾಯಿ.

ಅವತ್ತು ಮೇಡಂ, "ನಿಮ್ಮ ನಿಮ್ಮ ಕೆಲಸದ ಜಾಗದಲ್ಲಿ ಈಚೆಗೆ ನಡೆದದ್ದನ್ನೇ ಕಥೆ ಮಾಡಿ ಹೇಳಿ," ಅಂದರು.

ಹಿರಿಯವಳು ಎದ್ದಳು. "ಮದುವೆ ಗಂಡಿನ ಕೋಟು. ಇವಳು ಅದರ ಮೇಲೆ ಇಸ್ತ್ರಿಪೆಟ್ಟಿಗೆ ಬಿಟ್ಟು ಹೋದಳು. ಎದೆ ಭಾಗ ಸುಟ್ಟು ಕರಕಲಾಯ್ತು. ಇಷ್ಟೇ ಕಥೆ."

"ನನ್ನದೂ ಅದೇ ಮೇಡಂ," ಅಂದಳು ಕಿರಿಯವಳು, ಮುಖ ಊದಿಸಿಕೊಂಡೇ. "ಆದ್ರೆ ಸ್ವಲ್ಪ ಹಿಂದಿನಿಂದ ಹೇಳ್ತೀನಿ. ನಾನು ಇಸ್ತ್ರಿ ಮಾಡ್ತಿದ್ದೆ. ಅಕ್ಕ ಹೊರಗಿಂದ, 'ಗಿರಾಕಿ ಕಾಯ್ತಿದ್ದಾರೆ, ಇದ್ದ ಹಾಗೇ ಬಾ' ಅಂತ ಕೂಗಿದ್ರು. ಓಡಿದೆ. ಕೋಟು ಸುಟ್ಟಿತು. ಅಷ್ಟು ಜನರೆದುರು ನನ್ನನ್ನ ಬೈದ್ರು. ಮುಗೀತು."

"ಹಾಗಾದ್ರೆ ತಪ್ಪು ಯಾರದು?" ಹಿಂದೆ ಕೂತಿದ್ದ ಬಸ್ ಕಂಡಕ್ಟರ್ ಕೇಳಿದ.

"ಇಬ್ಬರೂ ಸುಳ್ಳು ಹೇಳಿಲ್ಲ," ಅಂದರು ಮೇಡಂ. "ಇಸ್ತ್ರಿಯಿಂದ ಶುರುವಾದ್ರೆ ತಪ್ಪು ತಂಗಿಯ ತಲೆಗೆ, ಕೂಗಿನಿಂದ ಶುರುವಾದ್ರೆ ಅಕ್ಕನ ತಲೆಗೆ. ಮುಗಿಸೋದೂ ಹಾಗೇ. ಸುಟ್ಟಲ್ಲಿಗೆ ನಿಂತರೆ ನಷ್ಟದ ಕಥೆ, ಬೈದಲ್ಲಿಗೆ ನಿಂತರೆ ಅವಮಾನದ ಕಥೆ." ಹಿರಿಯವಳ ಕಡೆ ತಿರುಗಿದರು. "ಕೊನೆಗೆ ಆ ಹುಡುಗ ಮದುವೆಗೆ ಏನು ಹಾಕ್ಕೊಂಡ?"

"ಅದೇ ಕೋಟು." ಅವಳ ದನಿ ತಗ್ಗಿತು. "ಇವಳು ಸುಟ್ಟ ಭಾಗ ಬಿಚ್ಚಿದಳು. ಉಳಿದ ಬಟ್ಟೇಲಿ ನಾನು ಹೊಸದು ಕತ್ತರಿಸಿಕೊಟ್ಟೆ. ಇವಳೇ ಕೂಡಿಸಿದ್ದು. ಹೊಲಿಗೆ ಎಲ್ಲಿದೆ ಅಂತ ನನಗೇ ಕಾಣಲಿಲ್ಲ."

ಕಿರಿಯವಳು ತಲೆಯೆತ್ತಿದಳು. ಈ ಮಾತು ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. "ಆ ಹುಡುಗ ಕನ್ನಡಿ ಬಿಟ್ಟು ಕದಲಲೇ ಇಲ್ಲ ಮೇಡಂ. ಅವರಮ್ಮ ಕೈ ಹಿಡಿದು ಎಳ್ಕೊಂಡು ಹೋದ್ರು."

"ಮತ್ತೆ ಇದನ್ನ ಇಬ್ಬರೂ ಯಾಕೆ ಬಿಟ್ರಿ?"

ಹಿರಿಯವಳೇ ಅಂದಳು, "ಅಲ್ಲೀವರೆಗೂ ಹೇಳಿದ್ರೆ ಮುನಿಸಿಕೊಳ್ಳೋಕೆ ಏನು ಉಳಿಯುತ್ತೆ?"

ತರಗತಿಯೆಲ್ಲ ನಕ್ಕಿತು. ನಗು ಇಳಿದ ಮೇಲೆ ಅವಳು ಕಿರಿಯವಳನ್ನೇ ನೋಡುತ್ತ, "ಇದ್ದ ಹಾಗೇ ಬಾ ಅಂದದ್ದು ನಾನೇ ಕಣೇ," ಅಂದಳು.

"ನಾನೂ ಸ್ವಿಚ್ ಆರಿಸಬಹುದಿತ್ತು ಅಕ್ಕ."

ಮುಂದಿನ ವಾರ ಇಬ್ಬರೂ ಸೇರಿ ಒಂದೇ ಕಥೆ ಬರೆದು ತಂದರು. ಮೊದಲ ಸಾಲು ಯಾವುದಾಗಬೇಕು ಅನ್ನುವುದು ಮಾತ್ರ ಇನ್ನೂ ಬಗೆಹರಿದಿರಲಿಲ್ಲ. ಅವರು ಮೆಟ್ಟಿಲು ಹತ್ತಿ ಬರುವಾಗಲೇ ಆ ವಾದ ತರಗತಿಗೆ ಕೇಳಿಸುತ್ತಿತ್ತು.